ಯಾವ ಬಣ್ಣದ ಡ್ರ್ಯಾಗನ್?

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಕಥೆ ಕಟ್ಟುವ ಆಟದಲ್ಲಿ, ಕಥೆ ನಡೆಸುವ ಡಂಜನ್ ಮಾಸ್ಟರ್ ಬಾಯಿಂದ ‘ಗುಹೆಯೊಳಗೆ ಡ್ರ್ಯಾಗನ್ ಇದೆ’ ಅನ್ನೋ ಮಾತು ಬಂದ ಕೂಡಲೇ ಆಟಗಾರರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಯಾವ ಬಣ್ಣ? ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ, ಅವೆಲ್ಲ ಆಮೇಲೆ. ಬಣ್ಣ ಗೊತ್ತಾದರೆ ಅರ್ಧ ಕಥೆ ಗೊತ್ತಾಯಿತು. ಇವತ್ತು ನನ್ನ ಮಾತೆಲ್ಲ ಆ ಅರ್ಧ ಕಥೆಯ ಬಗ್ಗೆ. 50 ವರ್ಷದ ಹಿಂದೆ ಲೆಕ್ಕದ ಅನುಕೂಲಕ್ಕೆ ಅಂತ ಹಾಕಿದ ಒಂದು ಬಣ್ಣದ ಪಟ್ಟಿಗೆ ಸ್ವಭಾವ, ಮನೆ, ಚಟ ಎಲ್ಲ ಹೇಗೆ ಅಂಟಿಕೊಂಡವು? ಆಮೇಲೆ ಅದೇ ಪಟ್ಟಿ ಆಟಕ್ಕೆ ಹೇಗೆ ತಲೆನೋವಾಯಿತು?

ಈ ಆಟ ಆಡಿದವರು ಕೈ ಎತ್ತಿ ಅಂದಾಗ ನೀವು ಎತ್ತಿದ ಕೈಗಳನ್ನು ನೋಡಿದರೆ ಅರ್ಧ ಜನ ಆಡಿದವರು, ಇನ್ನರ್ಧ ಸುಮ್ನೆ ಕುತೂಹಲಕ್ಕೆ ಬಂದವರು. ಆಡದವರಿಗಾಗಿ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅನ್ನುತ್ತೇವೆ. ಉಳಿದವರು ಆ ಕಥೆಯ ಪಾತ್ರಗಳು. ನನ್ನ ಪಾತ್ರ ಏನು ಮಾಡುತ್ತದೆ ಅಂತ ನಾನು ಹೇಳುತ್ತೇನೆ, ಅದು ನಡೆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ವಾರಕ್ಕೊಮ್ಮೆ ಸೇರಿ ಒಂದೇ ಕಥೆಯನ್ನು ವರ್ಷಗಟ್ಟಲೆ ಎಳೆಯುವವರೂ ಇದ್ದಾರೆ. ಇಷ್ಟು ಗೊತ್ತಿದ್ದರೆ ಸಾಕು.

ಈ ಬಗೆಯ ಆಟಗಳಿಗೆಲ್ಲ ಮೂಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಬಂತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಬರೆದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲೇಕ್ ಜಿನೀವಾ ಅನ್ನೋ ಊರಿದೆ, ಅಲ್ಲಿನ ಟಿಎಸ್‌ಆರ್ ಅನ್ನೋ ಪುಟ್ಟ ಕಂಪನಿ ಅದನ್ನು ಪ್ರಕಟಿಸಿತು. ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಕ. ಆಟದ ಹೆಸರಲ್ಲೇ ಇರುವ ಪ್ರಾಣಿ ಅದರಲ್ಲಿ ಆರು ಬಗೆ: ಬಿಳಿ, ಕಪ್ಪು, ಹಸಿರು, ನೀಲಿ, ಕೆಂಪು, ಚಿನ್ನ.

ಇಲ್ಲೊಂದು ವಿಷಯ ಗಮನಿಸಬೇಕು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಇಬ್ಬರೂ ಯುದ್ಧದ ಆಟಗಳಿಂದ ಬಂದವರು. ದೊಡ್ಡ ಮೇಜಿನ ಮೇಲೆ ಪುಟ್ಟ ಸೀಸದ ಸೈನಿಕರನ್ನು ಇಟ್ಟು, ಟೇಪು ಹಿಡಿದು ದೂರ ಅಳೆದು ಆಡುತ್ತಿದ್ದ ಜನ. ಹಾಗಾಗಿ ಡ್ರ್ಯಾಗನ್ ಉಸಿರಿಗೂ ಅವರು ಮೊದಲು ಕೊಟ್ಟದ್ದು ಆಕಾರ. ಬಿಳಿಯದರ ಹಿಮದ ಉಸಿರು, ಕೆಂಪಿನ ಬೆಂಕಿ ಎರಡೂ ಬಾಯಿಂದ ಅಗಲವಾಗುತ್ತಾ ಹೋಗುವ ಶಂಕುವಿನ ಆಕಾರ. ಕಪ್ಪಿನ ಆಸಿಡ್, ನೀಲಿಯ ಸಿಡಿಲು ನೇರ ಗೆರೆ. ಹಸಿರಿನದು ಕ್ಲೋರಿನ್ ಅನಿಲದ ಮೋಡ. ಶಂಕುವಾದರೆ ಗುಂಪಾಗಿ ನಿಲ್ಲಬಾರದು. ಗೆರೆಯಾದರೆ ಒಬ್ಬರ ಹಿಂದೆ ಒಬ್ಬರು ನಿಲ್ಲಬಾರದು. ಮೋಡವಾದರೆ ಮುಚ್ಚಿದ ಕೋಣೆಯೊಳಗೆ ಕಾಲೇ ಇಡಬಾರದು. ಬಣ್ಣ ಕೇಳುವ ಅಭ್ಯಾಸ ಶುರುವಾದದ್ದು ಇಲ್ಲಿಂದಲೇ. ಎಲ್ಲಿ ನಿಂತರೆ ಜೀವ ಉಳಿಯುತ್ತದೆ ಅನ್ನೋದು ಬಣ್ಣದ ಮೇಲೆ ನಿಂತಿತ್ತು.

ಆ ಕಾಲದ ನಿಯಮಗಳಲ್ಲಿ ಇನ್ನೂ ತಮಾಷೆಗಳಿವೆ. ನೀವು ಗುಹೆಗೆ ಹೋದಾಗ ಡ್ರ್ಯಾಗನ್ ನಿದ್ದೆಯಲ್ಲಿದೆಯಾ ಅಂತ ಡಿಎಂ ದಾಳ ಹಾಕಿ ನೋಡಬೇಕಿತ್ತು. ಬಿಳಿಯದು ಮಹಾ ನಿದ್ದೆಬುರುಕ. ಚಿನ್ನದ್ದು ನಿಮ್ಮ ಕೈಗೆ ಮಲಗಿ ಸಿಗುವುದು ತುಂಬ ಅಪರೂಪ. ಮಾತು ಬರುತ್ತದಾ ಅನ್ನೋದಕ್ಕೂ ದಾಳ. ಕತ್ತಿಯ ಚಪ್ಪಟೆ ಬದಿಯಿಂದ ಹೊಡೆದು ಹೊಡೆದು ಡ್ರ್ಯಾಗನ್ನನ್ನು ಪಳಗಿಸಿ, ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದಕ್ಕೂ ನಿಯಮವಿತ್ತು! 1981ರ ಬೇಸಿಕ್ ಆವೃತ್ತಿಯ ಒಂದು ನಿಯಮ ನನಗೆ ಈಗಲೂ ತುಂಬ ಇಷ್ಟ. ಡ್ರ್ಯಾಗನ್ ಮೈಯಲ್ಲಿ ಆ ಕ್ಷಣಕ್ಕೆ ಎಷ್ಟು ಹಿಟ್ ಪಾಯಿಂಟ್, ಅಂದರೆ ಏಟು ತಡೆಯುವ ಶಕ್ತಿಯ ಅಂಕ, ಉಳಿದಿದೆಯೋ, ಅದರ ಉಸಿರಿನ ಏಟೂ ಅಷ್ಟೇ. ಗಾಯ ಮಾಡಿದಷ್ಟೂ ಅದರ ಬೆಂಕಿ ಸಣ್ಣದಾಗುತ್ತದೆ. ಅಂದರೆ ಮೊದಲ ಉಸಿರೇ ಎಲ್ಲಕ್ಕಿಂತ ಭಯಂಕರ. ಅದನ್ನು ತಡೆದುಕೊಂಡರೆ ಆಸೆ ಇದೆ. ಒಂದೇ ಸಾಲಿನ ನಿಯಮ, ಆದರೆ ಇಡೀ ಹೋರಾಟಕ್ಕೆ ಏರಿಳಿತ ಕೊಡುತ್ತದೆ.

ಇನ್ನು ನಿಧಿ. ಡ್ರ್ಯಾಗನ್ ಅಂದಮೇಲೆ ಚಿನ್ನದ ರಾಶಿ ಇರಲೇಬೇಕು ಅಲ್ವಾ? ಯುರೋಪಿನ ಹಳೆಯ ಕಥೆಗಳಿಂದ ಬಂದದ್ದು ಅದು. ಉತ್ತರದ ದೇಶಗಳ ಕಥೆಗಳಲ್ಲಿ ಫಾಫ್ನಿರ್ ಚಿನ್ನದ ದುರಾಸೆಗೆ ಬಿದ್ದು ತಾನೇ ಡ್ರ್ಯಾಗನ್ ಆಗುತ್ತಾನೆ. ಹಳೆಯ ಇಂಗ್ಲಿಷಿನ ಬಿಯೊವುಲ್ಫ್ ಕಾವ್ಯದಲ್ಲಿ ಯಾರೋ ಒಂದು ಬಟ್ಟಲು ಕದ್ದದ್ದಕ್ಕೆ ಡ್ರ್ಯಾಗನ್ ಊರೂರನ್ನೇ ಸುಡುತ್ತದೆ. ಆಟದಲ್ಲಿ ಇದಕ್ಕೆ ಬೇರೆಯೇ ತೂಕ ಬಂತು. ಆಗಿನ ನಿಯಮದ ಪ್ರಕಾರ ಪಾತ್ರಗಳು ಮೇಲಿನ ಹಂತಕ್ಕೆ ಹೋಗಲು ಬೇಕಾದ ಅನುಭವದ ಅಂಕಗಳು ಜಾಸ್ತಿ ಬರುತ್ತಿದ್ದದ್ದು ನಿಧಿಯಿಂದ. ಒಂದು ಚಿನ್ನದ ನಾಣ್ಯ ಹೊತ್ತು ತಂದರೆ ಒಂದು ಅಂಕ. ಕೊಂದದ್ದಕ್ಕೆ ಸಿಗುತ್ತಿದ್ದದ್ದು ಅದರ ಮುಂದೆ ಪುಡಿಗಾಸು. ಹಾಗಾಗಿ ಬುದ್ಧಿವಂತರು ಡ್ರ್ಯಾಗನ್ ಜೊತೆ ಹೊಡೆದಾಡುತ್ತಿರಲಿಲ್ಲ, ಮಲಗಿದ್ದಾಗ ಮೂಟೆ ಕಟ್ಟುತ್ತಿದ್ದರು. ನಿದ್ದೆಯ ದಾಳಕ್ಕೆ ಅಷ್ಟು ಬೆಲೆ ಯಾಕಿತ್ತು ಅಂತ ಈಗ ಗೊತ್ತಾಯಿತಲ್ಲ.

ನಮ್ಮಲ್ಲೂ ಹಾಳು ಕೋಟೆಯ ನಿಧಿಗೆ ಸರ್ಪ ಕಾವಲು ಇರುತ್ತದೆ ಅಂತ ಹೇಳುತ್ತಾರೆ. ಆದರೆ ನಮ್ಮ ಸರ್ಪ ಬೇರೆಯವರ ನಿಧಿ ಕಾಯುತ್ತದೆ, ಹಕ್ಕುದಾರ ಬಂದರೆ ದಾರಿ ಬಿಡುತ್ತದೆ. ಡ್ರ್ಯಾಗನ್ ಹಾಗಲ್ಲ. ಅದು ತನ್ನದೇ ಅಂತ ಹೇಳಿಕೊಂಡು ಮಲಗುತ್ತದೆ. ಈ ಆಟದಲ್ಲಿ ನಾಗಗಳೂ ಇವೆ. 1977ರಲ್ಲಿ ಬಂದ, ಆಟದ ಜೀವಿಗಳ ಪುಸ್ತಕವಾದ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ಅವು ಡ್ರ್ಯಾಗನ್‌ಗಳಿಗೆ ಸೇರದ ಬೇರೆಯೇ ಜೀವಿ, ಮತ್ತು ಒಂದು ಬಗೆಯ ನಾಗದ ಕೆಲಸ ಕಾವಲೇ. ಆ ವ್ಯತ್ಯಾಸ ಮಾಡಿದ್ದು ಒಳ್ಳೆಯದಾಯಿತು.

ಈಗ ಬಣ್ಣಗಳಿಗೆ ಬರೋಣ. ಎಲ್ಲವನ್ನೂ ಸಮನಾಗಿ ಹೇಳುವುದಿಲ್ಲ. ನನಗೆ ಮೆಚ್ಚಿನವು ಇವೆ.

ಕೆಂಪು ಡ್ರ್ಯಾಗನ್ ಬಗ್ಗೆ ನಿಮಗೆ ಹೇಳಬೇಕಾದ್ದೇ ಇಲ್ಲ. ಬೆಟ್ಟ, ಬೆಂಕಿ, ಜಂಬ, ದುರಾಸೆ. ತನ್ನ ರಾಶಿಯ ಒಂದೊಂದು ನಾಣ್ಯವೂ ಎಲ್ಲಿಂದ ಬಂತು ಅಂತ ಅದಕ್ಕೆ ನೆನಪಿದೆ. 2014ರ ನಿಯಮ ಪುಸ್ತಕದಲ್ಲಿ ಮುದಿ ಕೆಂಪು ಡ್ರ್ಯಾಗನ್‌ಗೆ 546 ಹಿಟ್ ಪಾಯಿಂಟ್. ಉಸಿರು ಬಿಟ್ಟರೆ ಆರು ಮುಖದ ದಾಳ 26 ಹಾಕಬೇಕು. ಮೇಜಿನ ಮೇಲೆ ಅಷ್ಟು ದಾಳ ಒಟ್ಟಿಗೆ ಉರುಳುವ ಸದ್ದೇ ಒಂದು ಮಜಾ. ಆದರೆ ಹೋರಾಟ ಮುಗಿದ ಮೇಲೆ ಕೆಂಪಿನ ಬಗ್ಗೆ ಮಾತಾಡಲು ಅಷ್ಟೇನೂ ಉಳಿಯುವುದಿಲ್ಲ.

ಬಿಳಿಯದನ್ನು ತುಂಬ ಜನ ಕಡೆಗಣಿಸುತ್ತಾರೆ. ಗುಂಪಿನಲ್ಲೆಲ್ಲ ದಡ್ಡ, ಪ್ರಾಣಿಯ ಹಾಗೆ ಬದುಕುವಂಥದ್ದು. ಬೆಳೆದ ಬಿಳಿ ಡ್ರ್ಯಾಗನ್‌ನ ಬುದ್ಧಿಗೆ ಪುಸ್ತಕ ಕೊಡುವ ಅಂಕ 8. ಸಾಮಾನ್ಯ ಮನುಷ್ಯನದು 10. ನಾನು ಹೇಳುವುದು ಏನೆಂದರೆ, ಆ ದಡ್ಡತನವೇ ಅದರ ಬಲ. ಕೆಂಪನ್ನು ಹೊಗಳಿ ಉಬ್ಬಿಸಬಹುದು, ಹಸಿರಿನ ಜೊತೆ ವ್ಯಾಪಾರ ಕುದುರಿಸಬಹುದು. ಹಸಿದ ಬಿಳಿಯ ಮುಂದೆ ನಿಮ್ಮ ಮಾತುಗಾರ ಪಾತ್ರಕ್ಕೆ ಕೆಲಸವೇ ಇಲ್ಲ.

2019ರಲ್ಲಿ ಹೊಸಬರಿಗಾಗಿ ಬಂದ ಎಸೆನ್ಶಿಯಲ್ಸ್ ಕಿಟ್‌ನಲ್ಲಿ ಕ್ರಯೋವೇನ್ ಅಂತ ಒಂದು ಎಳೆಯ ಬಿಳಿ ಡ್ರ್ಯಾಗನ್ ಇದೆ. ಅದು ಫ್ಯಾಂಡಲಿನ್ ಅನ್ನೋ ಸಣ್ಣ ಊರಿನ ಸುತ್ತಮುತ್ತ ಹಾರಾಡುತ್ತಿರುತ್ತದೆ. ಇವತ್ತು ಅದು ಎಲ್ಲಿದೆ ಅಂತ ಡಿಎಂಗೂ ಗೊತ್ತಿಲ್ಲ, ದಾಳ ಹಾಕಿ ನೋಡಬೇಕು. ಗಿರಣಿಯ ಹತ್ತಿರ ಹೋಗುತ್ತಿದ್ದೀರಿ, ಆಕಾಶದಲ್ಲಿ ನೆರಳು. ಎಲ್ಲರೂ ಪೊದೆಯೊಳಗೆ. ಅದು ನಿಮ್ಮನ್ನು ಹುಡುಕಿಕೊಂಡು ಬಂದದ್ದಲ್ಲ, ದನ ಹೊತ್ತುಕೊಂಡು ಹೋಗಲು ಬಂದದ್ದು. ಹೀಗೆ ಎರಡು ಮೂರು ಸಲ ತಪ್ಪಿಸಿಕೊಂಡ ಆಟಗಾರರು ಆಮೇಲೆ ತಾವೇ ಕೇಳುತ್ತಾರೆ, ಅದರ ಗೂಡು ಎಲ್ಲಿದೆ ಅಂತ. ಹೊಸಬರಿಗೆ ಡ್ರ್ಯಾಗನ್ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಿಲ್ಲ.

ಹಸಿರು ಇದರ ತದ್ವಿರುದ್ಧ. ಮುದಿ ಹಸಿರು ಡ್ರ್ಯಾಗನ್‌ನ ಬುದ್ಧಿಯ ಅಂಕ 20. ಕೆಂಪಿಗಿಂತ, ಚಿನ್ನಕ್ಕಿಂತ ಜಾಸ್ತಿ. ಕಾಡಲ್ಲಿ ಇರುತ್ತದೆ. ಅದಕ್ಕೆ ಚಿನ್ನಕ್ಕಿಂತ ಮನುಷ್ಯರನ್ನು ಕೆಡಿಸುವುದು ಇಷ್ಟ. ಒಳ್ಳೆಯ ದೊರೆಯನ್ನು, ಸಂತನನ್ನು, ವೀರನನ್ನು ಮಾತಿನಲ್ಲೇ ತನ್ನ ಆಳಾಗಿ ಮಾಡಿಕೊಳ್ಳುವುದರಲ್ಲಿ ಅದಕ್ಕೆ ಖುಷಿ.

ವಿಚಿತ್ರ ನೋಡಿ, ಅದೇ ಫ್ಯಾಂಡಲಿನ್ ಊರಿನ ಹತ್ತಿರವೇ ಒಂದು ಹಸಿರೂ ಇದೆ. ಹೊಸಬರಿಗಾಗಿಯೇ ಬಂದ 2014ರ ಸ್ಟಾರ್ಟರ್ ಸೆಟ್‌ನ ಕಥೆಯಲ್ಲಿ ಹಾಳುಬಿದ್ದ ಥಂಡರ್‌ಟ್ರೀ ಅನ್ನೋ ಊರು. ಅಲ್ಲಿನ ಗೋಪುರದಲ್ಲಿ ವೆನಮ್‌ಫ್ಯಾಂಗ್ ಅನ್ನೋ ಎಳೆಯ ಹಸಿರು ಡ್ರ್ಯಾಗನ್. ಅದಕ್ಕೆ 136 ಹಿಟ್ ಪಾಯಿಂಟ್. ಅಲ್ಲಿಗೆ ಬರುವ ಪಾತ್ರಗಳು ಸಾಮಾನ್ಯವಾಗಿ ಮೂರನೇ ಹಂತದವರು. ಸರಿಯಾಗಿ ಒಂದು ಉಸಿರು ಬಿಟ್ಟರೆ ಅರ್ಧ ತಂಡ ನೆಲಕ್ಕೆ. ಕೊಲ್ಲುವುದು ಹೆಚ್ಚುಕಡಿಮೆ ಆಗದ ಮಾತು. ಆದರೆ ಕಥೆ ಬರೆದವರು ಅಲ್ಲೊಂದು ಬಾಗಿಲು ಬಿಟ್ಟಿದ್ದಾರೆ. ಹಿಟ್ ಪಾಯಿಂಟ್ ಅರ್ಧಕ್ಕೆ ಇಳಿದರೆ ವೆನಮ್‌ಫ್ಯಾಂಗ್ ಹಾರಿ ಓಡಿಹೋಗುತ್ತದೆ. ಯಾಕೆಂದರೆ ಅದು ಹಸಿರು. ಪ್ರಾಣ ಕೊಟ್ಟು ಮಾನ ಉಳಿಸಿಕೊಳ್ಳುವ ಜಾತಿಯಲ್ಲ. ಇವತ್ತು ಹೋಗಿ ನಾಳೆ ಬಂದು ಸೇಡು ತೀರಿಸಿಕೊಳ್ಳುತ್ತದೆ.

ಒಂದೇ ಊರು, ಎರಡು ಎಳೆಯ ಡ್ರ್ಯಾಗನ್. ಒಂದರಿಂದ ಅಡಗಿಕೊಳ್ಳಬೇಕು, ಇನ್ನೊಂದರ ಜೊತೆ ಮಾತಾಡಬೇಕು. ಬಣ್ಣ ಬದಲಾದರೆ ಆಟವೇ ಬದಲಾಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಕಪ್ಪು ಮತ್ತು ನೀಲಿಯನ್ನು ಬೇಗ ಮುಗಿಸುತ್ತೇನೆ. ಕಪ್ಪಿನ ಮುಖ ತಲೆಬುರುಡೆಯ ಹಾಗೆ, ಕೊಂಬು ಮುಂದಕ್ಕೆ ಬಾಗಿರುತ್ತವೆ. ಜೌಗು ನೆಲದಲ್ಲಿ, ಮುಳುಗಿದ ಹಳೆಯ ನಗರಗಳಲ್ಲಿ ವಾಸ. ಬಿದ್ದುಹೋದ ರಾಜ್ಯಗಳ ಅವಶೇಷ ಕೂಡಿಡುವ ಚಟ, ‘ನೋಡಿ, ಇವರೆಲ್ಲ ಹೋದರು, ನಾನಿದ್ದೇನೆ’ ಅನ್ನುವ ಹಾಗೆ. ನೀಲಿಯದು ಮರುಭೂಮಿ. ಮೂಗಿನ ಮೇಲೆ ಕೊಂಬು, ಮರಳಿನಡಿ ಅಡಗಿ ಕೂರುವ ಬುದ್ಧಿ. ಅದು ಶಿಸ್ತಿನ ಒಡೆಯ, ಕೆಲಸ ಬರುವ ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಈ ಚಿತ್ರಗಳೆಲ್ಲ ಕಣ್ಣಿಗೆ ಕಟ್ಟುವ ಹಾಗೆ ಆದದ್ದು 2000ದ ಮೂರನೇ ಆವೃತ್ತಿಯಲ್ಲಿ. ಟಾಡ್ ಲಾಕ್‌ವುಡ್ ಮುಂತಾದ ಕಲಾವಿದರು ಒಂದೊಂದು ಬಗೆಗೂ ಬೇರೆ ತಲೆ, ಬೇರೆ ರೆಕ್ಕೆ, ಬೇರೆ ಮೈಕಟ್ಟು ಬರೆದರು. ಆಮೇಲೆ ಬಣ್ಣ ಹಾಕದೆ ಬರೀ ನೆರಳು ತೋರಿಸಿದರೂ ಇದು ಯಾವುದು ಅಂತ ಹೇಳಬಹುದಾಯಿತು.

ಇಲ್ಲಿಯವರೆಗೆ ಹೇಳಿದ್ದು ಕೆಟ್ಟವು. ಒಳ್ಳೆಯವು ಲೋಹದ ಡ್ರ್ಯಾಗನ್‌ಗಳು. ಚಿನ್ನ ಮೊದಲಿನಿಂದಲೂ ಇತ್ತು. 1975ರ ಪುರವಣಿಯಲ್ಲಿ ಬೆಳ್ಳಿ, ಕಂಚು, ತಾಮ್ರ, ಹಿತ್ತಾಳೆ ಸೇರಿದವು. ಅಲ್ಲೇ ಒಂದು ತೊಂದರೆ ಶುರು. ಒಳ್ಳೆಯ ಡ್ರ್ಯಾಗನ್ ಇಟ್ಟುಕೊಂಡು ಡಿಎಂ ಏನು ಮಾಡಬೇಕು? ಹೊಡೆದಾಡುವ ಹಾಗಿಲ್ಲ. ತಂಡದ ಜೊತೆ ಕಳಿಸಿದರೆ ಎಲ್ಲ ಕೆಲಸ ಅದೇ ಮಾಡಿ ಮುಗಿಸುತ್ತದೆ. ಚಿನ್ನದ ಡ್ರ್ಯಾಗನ್ ನನ್ನ ಪ್ರಕಾರ ಇಡೀ ಪುಸ್ತಕದಲ್ಲೇ ಬೇಸರದ ಪ್ರಾಣಿ. ಗಂಭೀರ, ನ್ಯಾಯವಂತ, ಬಲಶಾಲಿ. ಸರಿ, ಮುಂದೆ?

ಹಿತ್ತಾಳೆಯದು ಹಾಗಲ್ಲ. ಅದಕ್ಕೆ ಹರಟೆಯ ಹುಚ್ಚು. ಮರುಭೂಮಿಯಲ್ಲಿ ಒಂಟಿಯಾಗಿ ಇರುತ್ತದಲ್ಲ, ದಾರಿಹೋಕರು ಸಿಕ್ಕರೆ ಬಿಡುವುದಿಲ್ಲ. ಮಾತಾಡದೆ ಹೊರಟವರ ಮೇಲೆ ನಿದ್ದೆ ಬರಿಸುವ ಉಸಿರು ಬಿಡುತ್ತದೆ. ಅವರಿಗೆ ಎಚ್ಚರವಾದಾಗ ಕುತ್ತಿಗೆವರೆಗೆ ಮರಳಲ್ಲಿ ಹೂತಿರುತ್ತಾರೆ, ಎದುರಿಗೆ ಡ್ರ್ಯಾಗನ್ ಕೂತು ‘ಹೂಂ, ಈಗ ಹೇಳಿ, ಯಾವ ಊರು ನಿಮ್ಮದು?’ ಅನ್ನುತ್ತಿರುತ್ತದೆ. ಮಾತು ತೀರಿದ ಮೇಲೆ ಬಿಡುಗಡೆ. ಇದು ನಾನು ಕಟ್ಟಿದ ಕಥೆಯಲ್ಲ, ಹೂತಿಡುವ ಅಭ್ಯಾಸ ನಿಯಮ ಪುಸ್ತಕದಲ್ಲೇ ಇದೆ. ತಾಮ್ರದ್ದು ಕುಚೇಷ್ಟೆಯ ಪ್ರಾಣಿ. ನಿಮ್ಮ ಹಾಸ್ಯಕ್ಕೆ ನಗುತ್ತದೆ, ತಾನು ಹೇಳಿದ್ದಕ್ಕೆ ನೀವು ನಗದಿದ್ದರೆ ಮುನಿಸು. ಬೆಳ್ಳಿಯದಕ್ಕೆ ಮನುಷ್ಯರ ಮೇಲೆ ಮೋಹ. ಮುದುಕನ ವೇಷದಲ್ಲಿ ಊರಲ್ಲಿ ವರ್ಷಗಟ್ಟಲೆ ಇರಬಲ್ಲದು. ತಂಡಕ್ಕೆ ಆರು ತಿಂಗಳಿಂದ ಗುರುವಾಗಿದ್ದ ಅಜ್ಜ ಕೊನೆಗೆ ರೆಕ್ಕೆ ಬಿಚ್ಚಿದರೆ ಮೇಜಿನ ಸುತ್ತ ಏನಾಗುತ್ತದೆ ಅಂತ ಯೋಚಿಸಿ.

ಎರಡು ಪಂಗಡಕ್ಕೂ ಒಬ್ಬೊಬ್ಬ ಒಡೆಯರು. ಬಣ್ಣದವಕ್ಕೆ ಐದು ತಲೆಯ ಟಿಯಾಮಟ್, ಲೋಹದವಕ್ಕೆ ಪ್ಲಾಟಿನಂ ಮೈಯ ಬಹಮುತ್. 1975ರಲ್ಲಿ ಬರೀ ಡ್ರ್ಯಾಗನ್ ರಾಣಿ, ಡ್ರ್ಯಾಗನ್ ರಾಜ ಆಗಿದ್ದವರಿಗೆ 1977ರಲ್ಲಿ ಈ ಹೆಸರು ಬಂತು. ಎರಡೂ ಹೆಸರು ಬೇರೆ ಕಡೆಯಿಂದ ತಂದವು. ಟಿಯಾಮಟ್ ಬ್ಯಾಬಿಲೋನಿಯದ ಸೃಷ್ಟಿಕಥೆಯ ಸಮುದ್ರದ ತಾಯಿ, ಮರ್ದುಕ್ ಅವಳನ್ನು ಕೊಂದು ಆ ಮೈಯಿಂದಲೇ ಭೂಮಿ ಆಕಾಶ ಮಾಡುತ್ತಾನೆ. ಅಲ್ಲಿ ಅವಳಿಗೆ ಐದು ತಲೆಯೂ ಇಲ್ಲ, ಐದು ಬಣ್ಣವೂ ಇಲ್ಲ. ಬಹಮುತ್ ಅಂತೂ ಇನ್ನೂ ದೂರದ್ದು. ಅರಬ್ಬರ ಹಳೆಯ ಲೋಕವರ್ಣನೆಗಳಲ್ಲಿ ಅದೊಂದು ಬೃಹತ್ ಮೀನು. ಅದರ ಮೇಲೆ ಒಂದು ಗೂಳಿ, ಗೂಳಿಯ ಮೇಲೆ ಬಂಡೆ, ಬಂಡೆಯ ಮೇಲೆ ಭೂಮಿ ಹೊತ್ತ ದೇವದೂತ. ಮೀನು ಹೋಗಿ ಡ್ರ್ಯಾಗನ್ ದೇವರಾಯಿತು. ಇದರ ಬಗ್ಗೆ ಮುಖ ಸಿಂಡರಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಆದರೆ ಮೂಲ ಕಥೆಗಳನ್ನೂ ಓದಿ ಅನ್ನುತ್ತೇನೆ. ಚೀನಾದ ಡ್ರ್ಯಾಗನ್‌ಗಳೂ 1981ರಲ್ಲಿ ಆಟಕ್ಕೆ ಬಂದವು. ಮಳೆ ನದಿಗಳಿಗೆ ಸಂಬಂಧಪಟ್ಟವು, ಬೆಂಕಿ ನಿಧಿಗಳ ಗೊಡವೆ ಕಮ್ಮಿ. ಆದರೆ ಹೆಚ್ಚಿನ ಡಿಎಂಗಳು ಅವನ್ನೂ ಗುಹೆಯಲ್ಲಿ ಕೂರಿಸಿ ಹೊಡೆಸಿಬಿಟ್ಟರು, ಅದು ಬೇಸರದ ವಿಷಯ.

ಈಗ ತಲೆನೋವಿನ ಮಾತು. ಎಲ್ಲರಿಗೂ ಬಣ್ಣದ ಪಟ್ಟಿ ಬಾಯಿಪಾಠ ಆದಮೇಲೆ ಗುಟ್ಟು ಎಲ್ಲಿ ಉಳಿಯಿತು? ಕೆಂಪು ಕಂಡರೆ ಬೆಂಕಿ ತಡೆಯುವ ಮಂತ್ರ, ಬೆಳ್ಳಿ ಕಂಡರೆ ನಮಸ್ಕಾರ. 1984ರ ಡ್ರ್ಯಾಗನ್‌ಲ್ಯಾನ್ಸ್ ಕಥೆಗಳು ಈ ಪಟ್ಟಿಯನ್ನೇ ದೊಡ್ಡ ಯುದ್ಧವಾಗಿ ಹಿಗ್ಗಿಸಿದವು. ಅದರಲ್ಲಿ ಒಂದು ಭಯಂಕರ ತಿರುವಿದೆ. ಲೋಹದ ಡ್ರ್ಯಾಗನ್‌ಗಳ ಮೊಟ್ಟೆ ಕದ್ದು, ಕೆಡಿಸಿ, ಅದರಿಂದಲೇ ಶತ್ರು ಸೈನಿಕರನ್ನು ಹುಟ್ಟಿಸುತ್ತಾರೆ. 2004ರಲ್ಲಿ ಕೀತ್ ಬೇಕರ್ ಕಟ್ಟಿದ ಎಬರಾನ್ ಲೋಕ ಇನ್ನೂ ಮುಂದೆ ಹೋಯಿತು. ಅಲ್ಲಿ ಬಣ್ಣಕ್ಕೂ ಗುಣಕ್ಕೂ ಸಂಬಂಧವೇ ಇಲ್ಲ. ಚಿನ್ನದ್ದು ಕೇಡಿಯಾಗಿರಬಹುದು, ಕೆಂಪು ಸಜ್ಜನ ಆಗಿರಬಹುದು. ಉಸಿರು ಮಾತ್ರ ಹಳೆಯದೇ. ಇದು ಚೆನ್ನಾಗಿದೆ, ಆದರೆ ಹಳೆಯ ಪಟ್ಟಿ ಗೊತ್ತಿದ್ದವರಿಗೆ ಮಾತ್ರ ಚೆನ್ನ. ಮೊದಲ ಸಲ ಆಡುವವರಿಗೆ ಚಿನ್ನದ್ದು ಮೋಸ ಮಾಡಿದರೆ ಆಶ್ಚರ್ಯ ಯಾಕಾಗಬೇಕು?

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ಆಟದ ಡ್ರ್ಯಾಗನ್. 1989ರ ಶ್ಯಾಡೋರನ್. ಅದು ಮುಂದಿನ ಕಾಲದ ಕಥೆ, ಕಂಪ್ಯೂಟರ್, ಕಾರ್ಪೊರೇಟ್ ಕಂಪನಿ, ಜೊತೆಗೆ ಮರಳಿ ಬಂದ ಮಂತ್ರಶಕ್ತಿ. ಅಲ್ಲಿ ಡ್ರ್ಯಾಗನ್‌ಗೆ ಗುಹೆ ಇಲ್ಲ, ಷೇರುಗಳಿವೆ. ಲೋಫ್ವಿರ್ ಅನ್ನೋದು ಜರ್ಮನಿಯ ದೈತ್ಯ ಕಂಪನಿಯ ಒಡೆಯ. ಡಂಕೆಲ್ಜಾನ್ ಅನ್ನೋದು ಟೀವಿಯಲ್ಲಿ ಮಾತಾಡಿ ಜನರ ಮನಸ್ಸು ಗೆದ್ದದ್ದು. ಕಥೆಯ 2057ರಲ್ಲಿ ಅದು ಚುನಾವಣೆಗೆ ನಿಂತು ಗೆದ್ದು ದೇಶದ ಅಧ್ಯಕ್ಷನಾಗುತ್ತದೆ. ಪ್ರಮಾಣ ಮಾಡಿದ ರಾತ್ರಿಯೇ ಸ್ಫೋಟದಲ್ಲಿ ಸಾಯುತ್ತದೆ. ಆಮೇಲೆ ಅದರ ಉಯಿಲು. ಇಂಥವರಿಗೆ ಇಷ್ಟು, ಇಂಥ ಕೆಲಸ ಮಾಡಿದವರಿಗೆ ಅಷ್ಟು ಅಂತ ಸಾಲು ಸಾಲು. ಆಟದ ಪ್ರಕಾಶಕರು ಆ ಉಯಿಲನ್ನೇ ಅಚ್ಚು ಹಾಕಿದರು, ಒಂದೊಂದು ಸಾಲಿನಿಂದ ಡಿಎಂಗಳು ಒಂದೊಂದು ಕಥೆ ಹುಟ್ಟಿಸಿದರು. ನಿಧಿ ಅಲ್ಲೂ ಇದೆ, ಆದರೆ ಅದನ್ನು ಕದಿಯುವ ಬದಲು ಹಂಚಿಸಿಕೊಳ್ಳಬೇಕು. ಬಣ್ಣದ ಪಟ್ಟಿ ಇಲ್ಲದೆಯೂ ಡ್ರ್ಯಾಗನ್ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದೇ ಸಾಕ್ಷಿ. ಅದಕ್ಕೊಂದು ಮನಸ್ಸಿರಬೇಕು, ಮನೆಯಿರಬೇಕು, ನಮ್ಮೆಲ್ಲರಿಗಿಂತ ಉದ್ದನೆಯ ನೆನಪಿರಬೇಕು.

2023ರಲ್ಲಿ ಪಟ್ಟಿಯನ್ನು ಬಿಡಲೇಬೇಕಾದ ಕಾಲವೂ ಬಂತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳನ್ನು ಬೇರೆ ಕಂಪನಿಗಳೂ ಬಳಸಲು ಬಿಡುವ ಮುಕ್ತ ಪರವಾನಗಿ ಬದಲಾಗುತ್ತದೆ ಅಂತ ದೊಡ್ಡ ಗಲಾಟೆ ಆದಾಗ, ಪಾತ್‌ಫೈಂಡರ್ ಅನ್ನೋ ಇಂಥದ್ದೇ ಆಟ ಮಾಡುವ ಪೈಜೋ ಕಂಪನಿ ಆ ಹಳೆಯ ಬಣ್ಣ, ಲೋಹದ ಡ್ರ್ಯಾಗನ್‌ಗಳನ್ನು ಕೈಬಿಟ್ಟಿತು. ಬದಲಿಗೆ ಮಂತ್ರವಿದ್ಯೆಯ ನಾಲ್ಕು ಪರಂಪರೆಗಳಿಗೆ ತಕ್ಕ ಹಾಗೆ ಹೊಸ ಬಗೆಗಳನ್ನು ಕಟ್ಟಿತು. ಮರೀಚಿಕೆಯದು, ಶಕುನದ್ದು, ಪಿತೂರಿಯದು. ಪಿತೂರಿಯ ಡ್ರ್ಯಾಗನ್ ನನಗೆ ಹಿಡಿಸಿತು, ಹಳೆಯ ಹಸಿರಿನ ಚಟ ಅದರಲ್ಲೂ ಇದೆ. ಕೋರ್ಟಿನ ಭಯದಿಂದ ಹುಟ್ಟಿದ ಡ್ರ್ಯಾಗನ್‌ಗಳು ಅಂತ ನಗುವವರು ನಗಲಿ.

ಕೊನೆಗೆ ಒಬ್ಬರು ಕೇಳಿದ್ದು: ಮೊದಲ ಸಲ ಡಿಎಂ ಆಗುತ್ತಿದ್ದೇನೆ, ಆಟಗಾರರೂ ಹೊಸಬರು, ಯಾವುದನ್ನು ಇಡಲಿ? ಬಿಳಿ ಇಡಿ. ಮಾತು ನಡೆಸುವ ಕಷ್ಟವಿಲ್ಲ, ನಿಮ್ಮ ಕೈ ಪಳಗುತ್ತದೆ. ಮೊದಲ ಸೆಷನ್‌ನಲ್ಲಿ ಅದು ಕಾಣುವುದೇ ಬೇಡ. ಹೆಪ್ಪುಗಟ್ಟಿದ ಒಂದು ದನ, ಸೂರು ಕಿತ್ತುಹೋದ ಒಂದು ಕೊಟ್ಟಿಗೆ ಸಾಕು. ಒಂದು ಹೆಸರಿಡಿ, ಅದನ್ನು ಊರಿನವರ ಬಾಯಲ್ಲಿ ಮೊದಲು ಕೇಳಿಸಿ. ಒಂಟಿ ಡ್ರ್ಯಾಗನ್ ಎದುರು ಐದು ಜನ ಆಟಗಾರರು ನಿಂತರೆ ಏಟು ಒಂದಕ್ಕೆ ಐದು ಬೀಳುತ್ತವೆ, ಅದನ್ನು ನೆಲದ ಮೇಲೆ ಸುಮ್ಮನೆ ನಿಲ್ಲಿಸಬೇಡಿ, ಹಾರಿಸುತ್ತಾ ಇರಿ. 2014ರ ನಿಯಮದಲ್ಲಿ ಉಸಿರು ಒಮ್ಮೆ ಬಿಟ್ಟಮೇಲೆ ಪ್ರತಿ ಸರದಿಗೆ ದಾಳ ಹಾಕಬೇಕು, 5 ಅಥವಾ 6 ಬಿದ್ದರೆ ಮತ್ತೆ ಸಿದ್ಧ. ಆ ದಾಳವನ್ನು ಮರೆಯಲ್ಲಿ ಹಾಕಬೇಡಿ, ಎಲ್ಲರ ಕಣ್ಣೆದುರೇ ಹಾಕಿ.